ಬಟ್ಟಲು ತಂದವರಿಗೆ ಮೊದಲು

ನಮ್ಮ ಊರಿನಲ್ಲಿ ಮಿಕ್ಸಿ ನಿಂತರೆ ಯಾರೂ ಅದರ ತಲೆಗೆ ಮೊಟಕುವುದಿಲ್ಲ, ವೈರು ಅಲ್ಲಾಡಿಸಿ ನೋಡುವುದಿಲ್ಲ. ಹೊಸಿಲಿಗೆ ಬಂದು ಕಿವಿಗೊಟ್ಟು ನಿಲ್ಲುತ್ತಾರೆ. ನಿನ್ನೆಯವರೆಗೆ ಸುಮ್ಮನಿದ್ದ ಯಾವುದೋ ಮನೆಯಿಂದ ಗರ್ ಎಂಬ ಸದ್ದು ಏಳುತ್ತದೆ. 'ಓ, ಅಲ್ಲಿ ಬಂತು' ಎಂದುಕೊಂಡು, ನೆನೆಸಿಟ್ಟ ಬೇಳೆಯ ಬಟ್ಟಲನ್ನು ಸೆರಗಿನಡಿ ಹಿಡಿದು ಅತ್ತ ಹೊರಡುತ್ತಾರೆ. ಅವರ ಮನೆಯದು ರಿಪೇರಿಯಾಗಿ ಓಡಿತು, ಅದಕ್ಕೇ ನಮ್ಮದು ನಿಂತಿತು. ಅದರಲ್ಲಿ ಕೋಪ ಮಾಡಿಕೊಳ್ಳುವುದಕ್ಕೆ ಏನಿದೆ? ಓಡುವ ಮನೆಯವರು ಬಟ್ಟಲು ತಂದವರನ್ನು ಒಳಗೆ ಕರೆಯಬೇಕು. ತಮ್ಮ ಜಾರಿನಲ್ಲಿ ಚಟ್ನಿ ಅರ್ಧ ತಿರುಗಿದ್ದರೂ ಅದನ್ನು ಪಕ್ಕಕ್ಕೆ ತೆಗೆದಿಟ್ಟು, ಬಂದವರದನ್ನು ಮೊದಲು ರುಬ್ಬಿ ಕೊಡಬೇಕು. ಊರಿನ ಕಟ್ಟಳೆ ಎಂದರೆ ಇಷ್ಟೇ.

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದು ಅರಗಲಿಲ್ಲ. ನಾನು ಓದಿದ್ದು ಬಿಎಸ್ಸಿ, ಅದೂ ಭೌತಶಾಸ್ತ್ರ. ಇಸ್ತ್ರಿ ಪೆಟ್ಟಿಗೆಯ ಕಾಯಿಲ್ ಒಂದು ಮನೆಯಲ್ಲಿ ಬದಲಾದರೆ ಇನ್ನೊಂದು ಮನೆಯ ಇಸ್ತ್ರಿ ಪೆಟ್ಟಿಗೆ ಏಕೆ ತಣ್ಣಗಾಗಬೇಕು ಎಂದು ಅತ್ತೆಯನ್ನು ಕೇಳಿದ್ದೆ. ಅವರು ಸೊಪ್ಪು ಬಿಡಿಸುತ್ತಿದ್ದರು. "ನಿಮ್ಮೂರಲ್ಲಿ ಹಂಗಾಗಲ್ವಾ?" ಎಂದು ನನ್ನನ್ನೇ ಕೇಳಿದರು, ನನ್ನ ತವರೂರಿನ ಬಗ್ಗೆ ಸ್ವಲ್ಪ ಕನಿಕರ ಬಂದವರ ಹಾಗೆ. ಅಷ್ಟರಲ್ಲಿ ಎದುರು ಮನೆಯ ವನಜಾಕ್ಷಿ ಬಟ್ಟಲು ಹಿಡಿದು ಬಂದಳು. "ನಿಮ್ಮನೇದು ಬಂತು ಅಂತ ನಮ್ಮನೇದು ಹೋಯ್ತು ಕಣ್ರೀ. ಸಾರಿನ ಪುಡಿ ಅರ್ಧಕ್ಕೇ ನಿಂತ್ಕೊಂಡಿದೆ." ಅತ್ತೆ ಬಟ್ಟಲು ಇಸಿದುಕೊಂಡು ಮೂಸಿ ನೋಡಿ, "ಬಾ, ಬಾ. ಇಷ್ಟು ವರ್ಷ ಮುಚ್ಚಿಟ್ಟಿದ್ಯಲ್ಲ, ನೀನು ಕೊತ್ತಂಬರಿಗೆ ಜಿಪುಣತನ ಮಾಡ್ತೀಯ ಅಂತ ಇವತ್ತು ಗೊತ್ತಾಯ್ತು" ಎಂದರು. ಇಬ್ಬರೂ ನಕ್ಕರು. ನಾನು ಮಾತ್ರ ಮಿಕ್ಸಿಯನ್ನೇ ನೋಡುತ್ತ ನಿಂತಿದ್ದೆ. ಆಮೇಲಾಮೇಲೆ ಕೇಳುವುದನ್ನು ಬಿಟ್ಟೆ. ನೋಡುವುದನ್ನು ಬಿಡಲಾಗಲಿಲ್ಲ, ಅದು ನನ್ನ ಹುಟ್ಟುಗುಣ.

ಬಿಡಿಭಾಗಗಳಿಗೆ ಊರಿಗೆಲ್ಲ ಒಂದೇ ಅಂಗಡಿ, ಫಿಲೋಮಿನಮ್ಮನದು. ಗಂಡ ತೀರಿಕೊಂಡ ಮೇಲೆ ಅವರೇ ಕೂರುತ್ತಾರೆ. ಗೋಡೆಯುದ್ದಕ್ಕೂ ಬಿಸ್ಕತ್ತಿನ ಹಳೆಯ ಡಬ್ಬಿಗಳು. ಒಂದರಲ್ಲಿ ಮಿಕ್ಸಿಯ ಕಾರ್ಬನ್ ಬ್ರಷ್ಷು, ಒಂದರಲ್ಲಿ ಜಾರಿನ ಕೆಳಗೆ ಕೂರುವ ರಬ್ಬರ್ ಹಲ್ಲು, ಒಂದರಲ್ಲಿ ನೀರು ಕಾಯಿಸುವ ಕೆಟಲಿನ ಕಾಯಿಲ್, ಇನ್ನೊಂದರಲ್ಲಿ ಟೇಬಲ್ ಫ್ಯಾನಿನ ಬುಷ್. ನಮ್ಮಲ್ಲಿ ನಿಂತ ಯಂತ್ರದ ಒಳಗೆ ಸವೆದದ್ದು ಏನೂ ಇರುವುದಿಲ್ಲ. ಒಂದು ಮನೆಯಲ್ಲಿ ಸುಮ್ಮನಾದ ಭಾಗ ಇನ್ನೊಂದು ಮನೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಹಾಗಾಗಿ ಜನ ಬಿಚ್ಚಿದ್ದನ್ನು ಅಲ್ಲಿ ಕೊಡುತ್ತಾರೆ, ಬೇಕಾದ್ದನ್ನು ಅಲ್ಲಿಂದಲೇ ಒಯ್ಯುತ್ತಾರೆ. ಬೆಲೆ ಒಂದು ಕಟ್ಟು ಸೊಪ್ಪಿಗಿಂತ ಹೆಚ್ಚಿಲ್ಲ. ಆದರೆ ಅದಕ್ಕೂ ಒಂದು ಮರ್ಯಾದೆ ಇದೆ. ಯಂತ್ರ ನಿಂತ ಕೂಡಲೇ ಅಂಗಡಿಗೆ ಓಡಬಾರದು. ಮೊದಲು ಬಟ್ಟಲು ಹಿಡಿದು ಓಡುವ ಮನೆಗೆ ಹೋಗಿ ಬರಬೇಕು. ನಾಲ್ಕು ಸಲ ಹೋಗಿಬಂದು, ಇನ್ನು ಸಾಕು, ಅವರಿಗೂ ಬೇಜಾರು ಅನ್ನಿಸಿದಾಗ ಬಿಡಿಭಾಗ ತಂದು ಹಾಕಿಕೊಳ್ಳಬೇಕು. ಆಗ ಅವರು ಬಟ್ಟಲು ತರುತ್ತಾರೆ.

ಅತ್ತೆಗೆ ಉಬ್ಬಸ. ಪಕ್ಕದ ಕೋಣೆಯಲ್ಲಿ ಮಲಗುವ ನನಗೆ ಅವರ ಉಸಿರಿನ ಪಾಠ ಬಾಯಿಗೆ ಬರುತ್ತದೆ. ಮೊದಲು ಒರಟು ಬಟ್ಟೆಯನ್ನು ಗೋಡೆಗೆ ಉಜ್ಜಿದಂಥ ಸದ್ದು. ಆಮೇಲೆ ಸಿಳ್ಳೆ, ಉಸಿರು ಬಿಡುವಾಗ ಮಾತ್ರ. ಇನ್ನೂ ಹೆಚ್ಚಾದರೆ ಎಳೆದುಕೊಳ್ಳುವಾಗಲೂ. ಅದಕ್ಕಿಂತ ಕೆಟ್ಟದ್ದು, ಸಿಳ್ಳೆ ಸಣ್ಣಗಾಗುತ್ತ ಹೋಗಿ ನಿಂತೇ ಬಿಡುವುದು. ಗೊತ್ತಿಲ್ಲದವರು ಸದ್ಯ, ಕಡಿಮೆಯಾಯಿತು ಎಂದುಕೊಳ್ಳುತ್ತಾರೆ. ಕಡಿಮೆಯಾಗಿರುವುದು ಒಳಗೆ ಹೋಗುವ ಗಾಳಿ. ಅಂಥ ಒಂದು ಸಲದ ನಂತರ ನಮ್ಮೆಜಮಾನರು ಜಯರಾಮ್ ತಾವು ಕೆಲಸ ಮಾಡುವ ಬಸ್ ಡಿಪೋದಲ್ಲಿ ಸಾಲ ತೆಗೆದು ಆವಿ ಮೆಷಿನ್ ತಂದರು. ಡಾಕ್ಟರ ಚೀಟಿಯಲ್ಲಿ ಅದರ ಹೆಸರು ನೆಬ್ಯುಲೈಸರ್; ಟಿಫನ್ ಡಬ್ಬಿಯಷ್ಟು ಗಾತ್ರ, ಒಂದು ಕೊಳವೆ, ಅದರ ತುದಿಯಲ್ಲಿ ಔಷಧಿ ಹಾಕುವ ಪುಟ್ಟ ಕಪ್ಪು, ಮೂಗು ಬಾಯಿ ಮುಚ್ಚುವ ಮಾಸ್ಕು. ಸ್ವಿಚ್ ಹಾಕಿದರೆ ಜೇನುಹುಳುಗಳು ಗೋಡೆಯೊಳಗೆ ಗೂಡು ಕಟ್ಟಿದ ಹಾಗೆ ಸಣ್ಣಗೆ ಗುಂಯ್‌ಗುಟ್ಟುತ್ತದೆ, ಔಷಧಿ ಬಿಳಿ ಮಂಜಾಗಿ ಏಳುತ್ತದೆ. ಅತ್ತೆ ಅದಕ್ಕೆ 'ನನ್ನ ಹುಕ್ಕಾ' ಎನ್ನುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಅದು ಅವರ ಮುಖದ ಮೇಲಿದ್ದಾಗಲೇ ನಿಂತಿತು. ಮಂಜು ಕರಗಿತು. ನಾನು ಪ್ಲಗ್ಗು ನೋಡಿದೆ, ಕರೆಂಟು ನೋಡಿದೆ. ಅತ್ತೆ ಮಾಸ್ಕನ್ನು ಹಣೆಗೇರಿಸಿಕೊಂಡು, "ಎಲ್ಲೋ ಬಂತು" ಎಂದರು.

"ಇದು ಊರಲ್ಲಿ ಇನ್ಯಾರ ಮನೇಲಿದೆ ಅತ್ತೆ? ಆಸ್ಪತ್ರೇಲೂ ಇಲ್ಲ. ಡಾಕ್ಟ್ರೇ ಹೇಳಿದ್ರಲ್ಲ, ನಮ್ಮದೊಂದೇ ಅಂತ."

"ಡಾಕ್ಟ್ರು ಎಷ್ಟು ಮನೆ ಅಡುಗೆಮನೆ ನೋಡಿದಾರೆ? ಕಪ್ಪು, ಮಾಸ್ಕು ತೊಳೆದು ಕೊಡು. ನೀನು ಹೋಗಿ ಎಲ್ಲಿ ಅಂತ ಕೇಳಿಸಿಕೊಂಡು ಬಾ, ಆಮೇಲೆ ನಾನು ಬರ್ತೀನಿ."

ಕೇಳಿಸಿಕೊಳ್ಳುವುದು ಹೇಗೆ? ಮಿಕ್ಸಿಯಾದರೆ ಊರಿಗೆ ಊರೇ ಎದ್ದು ಕೂರುತ್ತದೆ. ಇದರ ಸದ್ದು ಪಕ್ಕದ ಕೋಣೆಗೂ ಸರಿಯಾಗಿ ಕೇಳಿಸದು. ಕಪ್ಪನ್ನು ಕೈಚೀಲದಲ್ಲಿಟ್ಟುಕೊಂಡು ಬೀದಿ ಬೀದಿ ನಡೆದೆ. ಮನೆಗಳ ಕಿಟಕಿಯ ಪಕ್ಕದಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ ನಿಂತೆ. ಫ್ರಿಜ್ಜು, ಫ್ಯಾನು, ಟಿವಿ, ಜಗಳ, ಎಲ್ಲವೂ ಕೇಳಿಸಿತು. ಅದೊಂದು ಕೇಳಿಸಲಿಲ್ಲ. ಮೂರನೆಯ ದಿನ ವನಜಾಕ್ಷಿಯೇ, "ಏನ್ರೀ ಕುಮುದಾ, ಕಂಡೋರ ಕಿಟಕೀಲಿ ಏನು ಬಗ್ಗಿ ನೋಡ್ತಾ ಇದೀರಂತೆ? ಮೀನಿನ ಸಾರು ಯಾರ ಮನೇಲಿ ಅಂತಲಾ?" ಎಂದು ಕೇಳಿದಳು. ವಿಷಯ ಹೇಳಿದ ಮೇಲೆ ಅವಳ ನಗು ಹೋಯಿತು. ಅವಳೂ ಎರಡು ಬೀದಿ ಕೇಳಿಕೊಂಡು ಬಂದಳು. ಸಿಗಲಿಲ್ಲ.

ಅತ್ತೆ ಬಾಯಿಗೆ ಹೊಡೆದುಕೊಳ್ಳುವ ಇನ್‌ಹೇಲರ್ ಪಂಪಿನಲ್ಲಿ ದಿನ ದೂಡುತ್ತಿದ್ದರು. ಅದು ಅವರಿಗೆ ಸಾಲದು. ಸಿಳ್ಳೆ ಬಿಡುವಾಗಲೂ ಎಳೆದುಕೊಳ್ಳುವಾಗಲೂ ಶುರುವಾಗಿತ್ತು. ಜಯರಾಮ್ ರಜೆ ಹಾಕಿ ಮೆಷಿನ್ನನ್ನು ನಗರದ ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋಗಿ, ಹಾಗೇ ಹೊತ್ತುಕೊಂಡು ಬಂದರು. ಬೇಕಾಗಿದ್ದದ್ದು ಒಳಗಿನ ಪಿಸ್ಟನ್ನಿಗೆ ಹಾಕುವ ಒಂದು ರಬ್ಬರ್ ವಾಷರ್, ಬೆರಳ ಉಗುರಿನಷ್ಟು. "ಅದನ್ನೊಂದೇ ಕೊಡಲ್ವಂತೆ. ಮೋಟಾರು ಪೂರ್ತಿ ತಗೋಬೇಕಂತೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತೆ ಸಾರ್, ಅಂತ ನಗ್ತಾನೆ. ಸೇರಿಸೋದಕ್ಕೆ ಎಲ್ಲಿದೆ?" ಎಂದು ಬಾಗಿಲಲ್ಲೇ ಕುಳಿತರು. ಫೋನಿನಲ್ಲಿ ಹುಡುಕಿದೆ. ಅಂಥದೇ ವಾಷರು ಒಂದು ಕಡೆ ಇತ್ತು. ಎಲ್ಲಿಂದಲೋ ಹಡಗಿನಲ್ಲಿ ಬರಬೇಕು, ಬರುವುದು ಮುಂದಿನ ತಿಂಗಳು.

ಅತ್ತೆಯನ್ನು ಕೇಳದೆ ಫಿಲೋಮಿನಮ್ಮನ ಹತ್ತಿರ ಹೋದೆ. ಅವರು ಹಳೆಯ ವಾಷರನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಆಮೇಲೆ ಕೌಂಟರಿನ ಮೂಲೆಯಿಂದ ತಗಡಿನ ಚಿಕ್ಕದೊಂದು ಡಬ್ಬಿ ಎಳೆದರು. ಒಳಗೆ ಅಂಥದೇ ವಾಷರು, ಒಂದೇ ಒಂದು.

"ನಿಂಗೆ ಅದೃಷ್ಟ ಇದೆ ಕಣಮ್ಮ. ನಮ್ಮೆಜಮಾನರ ಕಾಲದಿಂದ ಎರಡು ಬಿದ್ದಿದ್ವು, ಯಾತಕ್ಕೆ ಅಂತಲೇ ಗೊತ್ತಿರಲಿಲ್ಲ. ಒಂದು ಮೊನ್ನೆ ಸೋಮವಾರ ಹೋಯ್ತು."

"ಯಾರು ತಗೊಂಡ್ರು?"

"ಅದೇ ನಂಗೂ ಗೊತ್ತಾಗ್ಬೇಕಾಗಿರೋದು." ಅವರು ಕತ್ತಿನ ಶಿಲುಬೆಯನ್ನು ಒಮ್ಮೆ ಮುಟ್ಟಿಕೊಂಡರು. "ಆಗ ತಾನೇ ಬಾಗಿಲು ತೆಗೆದಿದ್ದೆ. ಕೆಳಗೆ ಬಗ್ಗಿ ಬಿದ್ದ ಸ್ಕ್ರೂ ಹುಡುಕ್ತಿದ್ದೆ. ಎದ್ದು ನೋಡಿದ್ರೆ ಈ ಡಬ್ಬಿ ಮುಚ್ಚಳ ತೆಗೆದಿದೆ. ದುಡ್ಡು ಇಟ್ಟಿದೆ. ಕೌಂಟರ್ ಮೇಲೆ ಒಳಗಡೆ ಅಲ್ಲ ನೋಡು, ಅಂಚಲ್ಲಿ, ಈಗಲೋ ಆಗಲೋ ಬೀಳೋ ಹಂಗೆ. ಕೈ ಎಟುಕದೇ ಇರೋರು ಇಟ್ಟ ಹಂಗೆ. ಬೀದೀಲಿ ಆ ತುದಿಯಿಂದ ಈ ತುದಿಗೆ ನೋಡಿದೆ. ಒಂದು ನಾಯೀನೂ ಇರಲಿಲ್ಲ."

ನಾನು ವಾಷರನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡೆ. ಅವರು ಕೇಳಿದರು, "ಬಟ್ಟಲು ಹಿಡಿದು ಹೋಗಿ ಬಂದ್ಯಾ?"

"ಮನೆ ಸಿಗಲಿಲ್ಲ."

"ಸಿಗಲಿಲ್ವಾ?" ಎಂದರು. ಬೇಡ ಎನ್ನಲಿಲ್ಲ. ಹಣವನ್ನು ಮಾತ್ರ ಕೈಗೆ ತೆಗೆದುಕೊಳ್ಳದೆ ಕೌಂಟರಿನ ಮೇಲೆ ಇಡಲು ಹೇಳಿದರು.

ಜಯರಾಮ್ ಸಂಜೆ ಅದನ್ನು ಹಾಕಿ, ಸ್ಕ್ರೂ ಬಿಗಿದು, ಸ್ವಿಚ್ ಒತ್ತಿದರು. ಜೇನುಹುಳುಗಳು ಎದ್ದವು. ನನಗೆ ಕಣ್ಣಲ್ಲಿ ನೀರು ಬಂತು. ಔಷಧಿ ಹಾಕಿ ಮಾಸ್ಕನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಿಲ ಕಡೆ ಮುಖ ಮಾಡಿ ಕುಳಿತರು.

"ಹಾಕ್ಕೊಳ್ಳಿ ಅತ್ತೆ."

"ಬರಲಿ."

"ಯಾರು ಬರಲಿ?"

"ಬಟ್ಟಲಿನವರು." ಎರಡು ಮಾತಿಗೊಮ್ಮೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದರು. "ಯಾರದ್ದೋ ನಿಂತಿದೆ ಈಗ. ಮಿಕ್ಸಿ ಆಗಿದ್ರೆ... ಚಟ್ನಿ ನಿಂತಿತು ಅನ್ನಬಹುದು. ಇದು ನಿಂತರೆ... ಏನು ನಿಲ್ಲುತ್ತೆ ಅಂತ ಗೊತ್ತಿಲ್ವಾ ನಿಂಗೆ?"

"ಅಮ್ಮಾ, ಹಠ ಮಾಡ್ಬೇಡ" ಎಂದರು ಜಯರಾಮ್. "ಊರಲ್ಲಿ ಇನ್ನೊಂದು ಇಲ್ಲ. ಇದ್ದಿದ್ರೆ ಇಷ್ಟು ದಿನಕ್ಕೆ ಗೊತ್ತಾಗ್ತಿರಲಿಲ್ವಾ?"

"ಇಲ್ದೇ ಇದ್ರೆ... ನಮ್ಮದು ಯಾಕೆ ನಿಂತಿತು?"

ಆ ಸಂಜೆ ಯಾರೂ ಬರಲಿಲ್ಲ. ಅತ್ತೆ ಪಂಪನ್ನೇ ಎರಡು ಸಲ ಹೊಡೆದುಕೊಂಡು ಗೋಡೆಗೊರಗಿ ಕುಳಿತೇ ನಿದ್ದೆ ಮಾಡಿದರು. ನಾನು ಪಕ್ಕದ ಕೋಣೆಯಲ್ಲಿ ಆ ಸಿಳ್ಳೆಗೆ ಕಿವಿಗೊಟ್ಟು ಮಲಗಿದೆ, ಅದು ಸಣ್ಣಗಾಗದಿರಲಿ ಎಂದು.

ಬೆಳಿಗ್ಗೆ ಮತ್ತೆ ಹೊರಟೆ. ಈ ಸಲ ಹುಡುಕಿದ್ದು ಸದ್ದನ್ನಲ್ಲ, ಸದ್ದು ನಿಂತ ಜಾಗವನ್ನು. ಅದನ್ನು ಕಿವಿಯಿಂದ ಹುಡುಕಲು ಬರುವುದಿಲ್ಲ, ಜನರನ್ನು ಕೇಳಬೇಕು. ಯಾರದಾದರೂ ಮನೆಯಲ್ಲಿ ನಿನ್ನೆ ಏನಾದರೂ ನಿಂತಿತೇ ಎಂದು ಕೇಳುತ್ತ ಹೋದೆ. ಹಳೆಯ ಟಾಕೀಸಿನ ಹಿಂದಿನ ಓಣಿಯಲ್ಲಿ, ಬಹಳ ವರ್ಷದಿಂದ ಬೀಗ ಬಿದ್ದ ಒಂದು ಹೆಂಚಿನ ಮನೆಯ ಗೋಡೆಗೆ ಒತ್ತಿಕೊಂಡು, ತಿರುಮಲಮ್ಮ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡಿರುತ್ತಾಳೆ. ಅವಳದು ಇದ್ದಿಲಿನ ಪೆಟ್ಟಿಗೆ. "ನಂದು ಯಾರಿಂದ್ಲೂ ನಿಲ್ಲಾಕಿಲ್ಲ, ಯಾರ್ದನ್ನೂ ನಿಲ್ಸಾಕಿಲ್ಲ ಕಣಕ್ಕ" ಎಂದು ಯಾವಾಗಲೂ ಜಂಬ ಪಡುವವಳು. ಅವತ್ತು ಮಾತ್ರ ಗಾಡಿಯನ್ನು ಗೋಡೆಯಿಂದ ನಾಲ್ಕು ಮಾರು ದೂರ ಎಳೆದುಕೊಂಡು, ಬಿಸಿಲಿನಲ್ಲಿ ನಿಂತಿದ್ದಳು.

"ಯಾಕೆ ತಿರುಮಲಮ್ಮ, ನೆರಳು ಬಿಟ್ಟು ಬಂದಿದ್ದೀಯ?"

ಅವಳು ಗೋಡೆಯ ಕಡೆ ನೋಡಲಿಲ್ಲ. "ಹೋದ್ಸೋಮವಾರದಿಂದ ಗ್ವಾಡೆ ಗುಂಯ್ ಅಂತಿತ್ತು ಕಣಕ್ಕ. ಬೆನ್ನು ಕೊಟ್ಕೊಂಡು ನಿಂತ್ರೆ ಜುಮ್ಮಂತಿತ್ತು. ಜೇನು ಕಟ್ಟೈತೆ ಅಂದ್ಕೊಂಡೆ. ಇರ್ಲಿ ಬುಡು, ಬೆನ್ನು ನೋವಿಗೆ ಒಳ್ಳೇದು ಅಂತ ನಾನೂ ಒರಗ್ಕೊಂಡೇ ಇದ್ದೆ. ನೆನ್ನೆ ಸಂಜೆ ನಿಂತೋಯ್ತು."

"ಮತ್ತೆ ಈಗ ಯಾಕೆ ದೂರ ಬಂದೆ? ನಿಂತುಹೋಯ್ತಲ್ಲ?"

"ಗುಂಯ್ ಅನ್ನೋದು ನಿಂತೋಯ್ತು" ಎಂದಳು. ಪೆಟ್ಟಿಗೆಯನ್ನು ಎತ್ತಿ, ಒತ್ತಿದ ಅಂಗಿಯನ್ನೇ ಮತ್ತೆ ಒತ್ತತೊಡಗಿದಳು. "ನೀನೇ ಹೋಗಿ ಕೇಳಿಸ್ಕೊ."

ಬಾಗಿಲಿನ ಬೀಗ ತುಕ್ಕು ಹಿಡಿದು ಕೊಂಡಿಗೆ ಅಂಟಿಕೊಂಡಿತ್ತು. ಹೊಸಿಲಿನ ಮೇಲೆ ವರ್ಷಗಳ ಧೂಳು, ಅದರ ಮೇಲೆ ಯಾವ ಹೆಜ್ಜೆಯೂ ಇಲ್ಲ. ನಾನು ಗೋಡೆಗೆ ಕಿವಿ ಇಟ್ಟೆ. ಮೊದಲು ನನ್ನದೇ ರಕ್ತದ ಸದ್ದು. ಆಮೇಲೆ ಒಳಗಿನಿಂದ, ಗೋಡೆಯ ಆಚೆಗೇ, ನನ್ನ ಸೊಂಟದ ಎತ್ತರದಿಂದ, ಸಿಳ್ಳೆ. ಬಿಡುವಾಗಲೂ ಇತ್ತು, ಎಳೆದುಕೊಳ್ಳುವಾಗಲೂ ಇತ್ತು. ಅತ್ತೆಯದಕ್ಕಿಂತ ತೆಳ್ಳಗೆ, ಅತ್ತೆಯದಕ್ಕಿಂತ ಬೇಗ ಬೇಗ. ಅದು ಯಾರದೆಂದು ನಾನು ಕೇಳಲಿಲ್ಲ, ಕೂಗಲೂ ಇಲ್ಲ. ಬೆವರಿದ ಕೆನ್ನೆಯನ್ನು ಸುಣ್ಣದಿಂದ ಕಿತ್ತುಕೊಂಡು ನೆಟ್ಟಗೆ ನಿಂತಾಗ ನನಗೆ ಹೊಳೆದದ್ದು ಒಂದೇ. ಆ ಸಿಳ್ಳೆ ನಡುನಡುವೆ ಸಣ್ಣಗಾಗುತ್ತಿತ್ತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಹೇಳಬಾರದೇನೋ ಎಂದು ದಾರಿಯುದ್ದಕ್ಕೂ ಅನ್ನಿಸಿತ್ತು. ಹೇಳದಿದ್ದರೆ ಅವರು ಮಾಸ್ಕು ಮುಟ್ಟುವುದಿಲ್ಲವೆಂದು ಗೊತ್ತಿತ್ತು. ಜಯರಾಮ್ ನನ್ನ ಮುಖವನ್ನೇ ನೋಡಿದರು. "ಬೀಗ ಹಾಕಿರೋ ಮನೆ ಕಣೇ ಅದು. ನಾನು ಹುಡುಗನಾಗಿದ್ದಾಗಲೇ ಬೀಗ ಇತ್ತು."

"ನಾನು ಕೇಳಿಸ್ಕೊಂಡೆ ರೀ."

ಅತ್ತೆ ಕೈ ಎತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸಿದರು. "ಚಿಕ್ಕದಾ?" ಎಂದು ಕೇಳಿದರು. ನಾನು ಸೊಂಟದ ಹತ್ತಿರ ಕೈ ಇಟ್ಟು ತೋರಿಸಿದೆ. ಅವರು ಕಣ್ಣು ಮುಚ್ಚಿ ತೆರೆದರು. "ಚಿಕ್ಕವರಿಗೆ... ಯಾರ ಮನೆ ಅಂತ ಹೆಂಗೆ ಗೊತ್ತಾಗ್ಬೇಕು. ಬಾಗಿಲು ತೆಗೆದಿಡು. ಮೆಷಿನ್ ಹಾಕಿ... ಬಾಗಿಲ ಹತ್ತಿರ ಇಡು. ಕೇಳಿಸಲಿ."

ಹಾಗೇ ಮಾಡಿದೆವು. ಹೊತ್ತು ಮುಳುಗುತ್ತಿತ್ತು. ಬೀದಿಯಲ್ಲಿ ಒಬ್ಬೊಬ್ಬರ ಮನೆಯ ದೀಪ ಹತ್ತಿಕೊಂಡಿತು. ಖಾಲಿ ಮೆಷಿನ್ನು ಹೊಸಿಲಿನ ಒಳಗೆ ಸ್ಟೂಲಿನ ಮೇಲೆ ಗುಂಯ್‌ಗುಟ್ಟುತ್ತಿತ್ತು. ಎದುರು ಮನೆಯ ವನಜಾಕ್ಷಿ ಹೊರಗೆ ಬಂದವಳು, ನೋಡಿ, ತನ್ನ ಮಿಕ್ಸಿಯನ್ನೂ ಟಿವಿಯನ್ನೂ ಆರಿಸಿದಳು. ಅವಳ ಪಕ್ಕದ ಮನೆಯವರೂ ಆರಿಸಿದರು. ಬೀದಿ ಸುಮ್ಮನಾಗಿ ನಮ್ಮ ಮೆಷಿನ್ನಿನ ಸದ್ದಿಗೆ ದಾರಿ ಬಿಟ್ಟುಕೊಟ್ಟಿತು. ಅತ್ತೆಯ ತುಟಿಯ ಬಣ್ಣ ನನಗೆ ಹಿಡಿಸಲಿಲ್ಲ. ಉಗುರು ನೋಡಿದೆ, ಅದೂ ಹಿಡಿಸಲಿಲ್ಲ. ಇನ್ನು ಕಾಯಬಾರದು ಎಂದು ನಾನು ಎದ್ದೆ. ಬಲವಂತವಾಗಿಯಾದರೂ ಹಾಕುತ್ತೇನೆ ಎಂದು ಅವರ ಮಡಿಲಿಂದ ಮಾಸ್ಕು ತೆಗೆದುಕೊಂಡು, ಔಷಧಿಯ ಪ್ಲಾಸ್ಟಿಕ್ ಬುಡ್ಡಿಯ ತುದಿ ಮುರಿಯುತ್ತ ಹೊಸಿಲಿನ ಕಡೆ ತಿರುಗಿದೆ.

ಹೊಸಿಲಿನ ಮೇಲೆ ಒಂದು ಮಾಸ್ಕು ಇತ್ತು. ನನ್ನ ಬೆನ್ನು ತಿರುಗಿದ್ದ ಅಷ್ಟೇ ಹೊತ್ತಿನಲ್ಲಿ ಬಂದದ್ದು. ನನ್ನ ಅಂಗೈಯಲ್ಲಿ ಮುಚ್ಚಿ ಹೋಗುವಷ್ಟು ಚಿಕ್ಕದು. ಅದರ ಮೇಲೆ ಮೀನಿನ ಮುಖ ಬರೆದದ್ದು ಮಾಸಿತ್ತು, ಹಿಂದಿನ ರಬ್ಬರ್ ಪಟ್ಟಿ ಕಿತ್ತುಹೋಗಿ ಎರಡು ಕಡೆ ಗಂಟು ಹಾಕಿತ್ತು. ಪಕ್ಕದಲ್ಲಿ ಔಷಧಿಯ ಕಪ್ಪು, ತೊಳೆದು ಬೋರಲು ಇಟ್ಟದ್ದು. ಇನ್ನೂ ನೀರು ಹನಿಯುತ್ತಿತ್ತು. ಜಯರಾಮ್ ಬೀದಿಗೆ ಜಿಗಿದು ಎರಡೂ ಕಡೆ ನೋಡಿದರು. ವನಜಾಕ್ಷಿ ಎದುರಿನಿಂದ ತಲೆ ಅಲ್ಲಾಡಿಸಿದಳು, ತಾನು ಯಾರನ್ನೂ ನೋಡಲಿಲ್ಲ ಎಂದು. ಆಮೇಲೆ ತನ್ನ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡಳು.

ನನ್ನ ಕೈಯಲ್ಲಿದ್ದದ್ದು ಮನೆಯ ಕೊನೆಯ ಬುಡ್ಡಿ. ಔಷಧಿ ಅಂಗಡಿಗೆ ಬರುವುದು ನಾಳೆ. ನಾನು ಅತ್ತೆಯನ್ನು ನೋಡಿದೆ. ಅವರಿಗೆ ಮಾತು ಬರುತ್ತಿರಲಿಲ್ಲ. ಸಿಳ್ಳೆಯೂ ಸಣ್ಣಗಾಗಿತ್ತು. ಬೆರಳು ಚಾಚಿ ಹೊಸಿಲನ್ನು ತೋರಿಸಿದರು, ಆಮೇಲೆ ತಮ್ಮ ಪಕ್ಕದ ಬೆತ್ತದ ಕುರ್ಚಿಯನ್ನು.

"ಕುಮುದಾ, ಬೇಡ" ಎಂದರು ಜಯರಾಮ್. "ಮೊದಲು ಅಮ್ಮನಿಗೆ ಹಾಕು. ಆಮೇಲೆ ಏನಾದ್ರೂ ಮಾಡೋಣ."

ಅತ್ತೆ ಅವರನ್ನು ನೋಡಿದ ನೋಟದಲ್ಲಿ ಜಗಳಕ್ಕೆ ಜಾಗವಿರಲಿಲ್ಲ. ಬಟ್ಟಲು ತಂದವರನ್ನು ನಿಲ್ಲಿಸಿಕೊಂಡು ತಮ್ಮದನ್ನು ರುಬ್ಬಿಕೊಂಡ ಮನೆ ನಮ್ಮ ಊರಿನಲ್ಲಿ ಇಲ್ಲ. ನಾನು ಆ ಪುಟ್ಟ ಕಪ್ಪಿಗೆ ಬುಡ್ಡಿಯನ್ನು ಪೂರ್ತಿ ಹಿಂಡಿದೆ. ಕೊಳವೆ ಸಿಕ್ಕಿಸಿ, ಮೀನಿನ ಮಾಸ್ಕನ್ನು ಕುರ್ಚಿಯ ಒರಗಿಗೆ ಆನಿಸಿ ಇಟ್ಟು, ಹಿಂದೆ ಸರಿದೆ. ಮಂಜು ಎದ್ದು ಕುರ್ಚಿಯ ಸುತ್ತ ಹರಡಿತು. ಒಂದು ಗಳಿಗೆ ಸುಮ್ಮನೆ ಹರಡಿತು, ಅಷ್ಟೇ. ಔಷಧಿ ಗಾಳಿಗೆ ಹೋಗುತ್ತಿದೆ, ಅತ್ತೆಯದು ಹೋಗುತ್ತಿದೆ ಎಂದುಕೊಂಡೆ. ಆಮೇಲೆ ಮಾಸ್ಕು ಒರಗಿನಿಂದ ಸ್ವಲ್ಪ ಮುಂದಕ್ಕೆ ಬಂದು ಅಲ್ಲಿಯೇ ನಿಂತಿತು. ಹರಡಿದ ಮಂಜು ತಿರುಗಿ ಒಳಗೆ ಹೋಯಿತು. ಮತ್ತೆ ಹೊರಗೆ ಬಂತು. ಒಳಗೆ, ಹೊರಗೆ, ಬೇಗ ಬೇಗ. ಕುರ್ಚಿಯ ಬೆತ್ತ ಕಿರುಗುಟ್ಟಿತು, ಕಾಲು ನೆಲಕ್ಕೆ ಎಟುಕದೆ ತೂಗಾಡಿಸುವವರು ಕುಳಿತ ಹಾಗೆ.

ಜಯರಾಮ್ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ನಾನು ಅತ್ತೆಯ ಕೈ ಹಿಡಿದುಕೊಂಡಿದ್ದೆ, ಅದು ತಣ್ಣಗಿತ್ತು. ಅವರು ಕುರ್ಚಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು, ತಮ್ಮ ಸರದಿಗೆ ಕಾಯುವವರ ಹಾಗೆ ಅಲ್ಲ, ತುತ್ತು ತಿನ್ನಿಸುವವರ ಹಾಗೆ. ಮಂಜಿನ ಓಡಾಟ ನಿಧಾನವಾಗುತ್ತ ಬಂತು. ಸಿಳ್ಳೆ ಬಿಡುವಾಗ ಮಾತ್ರ ಉಳಿಯಿತು, ಆಮೇಲೆ ಬಟ್ಟೆ ಉಜ್ಜಿದಂಥ ಸದ್ದಾಯಿತು. ಆಗ ಮಾಸ್ಕು ಕುರ್ಚಿಯ ಮೇಲೆ ತಾನಾಗಿ ಮಲಗಿತು. ನಾನು ಓಡಿಹೋಗಿ ಕಪ್ಪು ಎತ್ತಿ ಬೆಳಕಿಗೆ ಹಿಡಿದೆ. ಔಷಧಿ ಅರ್ಧ ಹಾಗೇ ಇತ್ತು.

ಆ ಅರ್ಧವನ್ನು ಅತ್ತೆಯ ಕಪ್ಪಿಗೆ ಸುರಿದು ಅವರ ಮುಖಕ್ಕೆ ಮಾಸ್ಕು ಒತ್ತಿ ಹಿಡಿದಾಗ ಜಯರಾಮ್ ಬಂದು ಕೊಳವೆಯನ್ನು ಎತ್ತಿ ಹಿಡಿದುಕೊಂಡರು. ಬಹಳ ಹೊತ್ತಿನ ಮೇಲೆ ಅತ್ತೆಯ ತುಟಿಗೆ ಬಣ್ಣ ಬಂತು. ಮಾಸ್ಕು ತೆಗೆದು ಅವರು ಆಡಿದ ಮೊದಲ ಮಾತು, "ಎಷ್ಟು ಒಳ್ಳೇ ಮನೆಯವರು ನೋಡು." ಹೊಸಿಲಿನ ಕಡೆ ತಿರುಗಿದರೆ ಚಿಕ್ಕ ಮಾಸ್ಕೂ ಕಪ್ಪೂ ಇರಲಿಲ್ಲ. ಕುರ್ಚಿಯ ಮೇಲೂ ಇರಲಿಲ್ಲ.

ಆಮೇಲೆ ಸಂಜೆಗಳು ಹಾಗೇ ಹೋದವು. ದೀಪ ಹಚ್ಚುವ ಹೊತ್ತಿಗೆ ನಾನು ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ನೋಡುತ್ತಿದ್ದರೆ ಬರುವುದಿಲ್ಲ ಎಂದು ಕಲಿತುಕೊಂಡಿದ್ದೆ. ಔಷಧಿಯನ್ನು ಎರಡು ಬುಡ್ಡಿ ತಂದಿಡುತ್ತಿದ್ದೆ, ಆದರೂ ಚಿಕ್ಕ ಕಪ್ಪಿನಲ್ಲಿ ಅರ್ಧ ಉಳಿಯುತ್ತಿತ್ತು. ಅತ್ತೆ ಕುರ್ಚಿಯ ಜೊತೆ ಹರಟುತ್ತಿದ್ದರು. "ನಿಧಾನ, ನಿಧಾನ. ಯಾರು ಓಡಿಸಿಕೊಂಡು ಬರ್ತಿದಾರೆ ನಿನ್ನ? ಮೂಗಲ್ಲಿ ಎಳ್ಕೋ." ನೆಂಟರು ಬಂದಾಗ ಬೆತ್ತದ ಕುರ್ಚಿಯಲ್ಲಿ ಯಾರೂ ಕೂರದ ಹಾಗೆ ಅದರ ಮೇಲೆ ಮಡಿಸಿದ ಟವೆಲ್ ಹಾಕಿಡುತ್ತಿದ್ದೆವು. ವನಜಾಕ್ಷಿ ಏನೂ ಕೇಳಲಿಲ್ಲ. ಆ ಹೊತ್ತಿಗೆ ಅವಳ ಟಿವಿ ಮಾತ್ರ ತಾನೇ ಸಣ್ಣಗಾಗುತ್ತಿತ್ತು. ತಿರುಮಲಮ್ಮ ಗಾಡಿಯನ್ನು ಮತ್ತೆ ಗೋಡೆಗೆ ತಂದಳು. ಫಿಲೋಮಿನಮ್ಮ ಅಂಥ ವಾಷರುಗಳನ್ನು ಎಲ್ಲಿಂದಲೋ ಒಂದಿಷ್ಟು ತರಿಸಿ, ಡಬ್ಬಿಯನ್ನು ಕೌಂಟರಿನ ಮೇಲಿಂದ ತೆಗೆದು ಹೊರಗಿನ ಮೆಟ್ಟಿಲ ಪಕ್ಕದ ತಗ್ಗು ಹಲಗೆಯ ಮೇಲೆ ಇಟ್ಟರು. ನನಗೆ ಹೇಳಲಿಲ್ಲ. ನಾನು ನೋಡಿದೆ.

ನಿನ್ನೆ ಬೆಳಿಗ್ಗೆ ನಮ್ಮ ಮೆಷಿನ್ನು ಅತ್ತೆಯ ಮುಖದ ಮೇಲಿದ್ದಾಗ ಮತ್ತೆ ನಿಂತಿತು. ಅವರು ಮಾಸ್ಕು ಹಣೆಗೇರಿಸಿಕೊಂಡು ನಕ್ಕರು. "ಬಂತು ನೋಡು, ಅಲ್ಲಿ. ಎಷ್ಟು ದಿನ ಅಂತ ಕಂಡೋರ ಮನೆಗೆ ಹೋಗೋದು ಅನ್ನಿಸಿರಬೇಕು. ಮಾನಸ್ಥರು." ಎದ್ದು ಕಪ್ಪು, ಮಾಸ್ಕು ತಾವೇ ತೊಳೆದರು. ಪೆಟ್ಟಿಗೆಯಿಂದ ನೀಲಿ ಅಂಚಿನ ಸೀರೆ ತೆಗೆದು ಉಟ್ಟರು. ಜಯರಾಮ್ ಜೊತೆಗೆ ಬರುತ್ತೇನೆಂದಾಗ, "ನೀನು ಬೇಡ. ನಿನ್ನ ಮೀಸೆ ನೋಡಿ ಹೆದರಿಕೊಂಡೀತು" ಎಂದರು. ನಾನು ಎರಡು ಬುಡ್ಡಿ ಔಷಧಿ ಹಿಡಿದು ಅವರನ್ನು ನಿಧಾನವಾಗಿ ನಡೆಸಿಕೊಂಡು ಹೋದೆ. ಟಾಕೀಸಿನ ಹಿಂದಿನ ಓಣಿಯಲ್ಲಿ ತಿರುಮಲಮ್ಮ ನಮ್ಮನ್ನು ಕಂಡು ಪೆಟ್ಟಿಗೆ ಕೆಳಗಿಟ್ಟು ಸರಿದು ನಿಂತಳು.

ಬೀಗ ತೆರೆದು ಕೊಂಡಿಗೆ ನೇತು ಬಿದ್ದಿತ್ತು. ಹೊಸಿಲಿನ ಧೂಳನ್ನು ಯಾರೋ ಗುಡಿಸಿದ್ದರು. ಚೆನ್ನಾಗಿ ಗುಡಿಸಲು ಬರದವರು ಗುಡಿಸಿದ ಹಾಗೆ, ಮೂಲೆಗಳಲ್ಲಿ ಉಳಿದಿತ್ತು. ಬಾಗಿಲು ಒಂದು ಗೇಣು ತೆರೆದಿತ್ತು, ಒಳಗೆ ಕತ್ತಲೆ. ಜೇನುಹುಳುಗಳ ಸದ್ದು ಬರುತ್ತಿತ್ತು.

"ನಾನೂ ಬರ್ತೀನಿ ಅತ್ತೆ."

"ಬಟ್ಟಲು ನಂದು. ನಿಂಗೇನು ಕೆಲಸ ಅಲ್ಲಿ?" ಅವರು ಚಪ್ಪಲಿ ಬಿಟ್ಟರು. ನನ್ನ ಕೈಯಿಂದ ಔಷಧಿ ಇಸಿದುಕೊಂಡು, ಎರಡರಲ್ಲಿ ಒಂದನ್ನು ವಾಪಸ್ಸು ಕೊಟ್ಟರು. "ಒಂದು ಸಾಕು." ತಲೆ ತಗ್ಗಿಸಿ ಒಳಗೆ ಹೋದರು. ಬಾಗಿಲು ಅವರ ಹಿಂದೆ ಮುಚ್ಚಿಕೊಂಡಿತು, ಸದ್ದಿಲ್ಲದೆ.

ನಾನು ಗೋಡೆಗೆ ಕಿವಿ ಇಟ್ಟೆ. ಮೆಷಿನ್ನಿನ ಸದ್ದು ಒಂದು ಕ್ಷಣ ನಿಂತಿತು. ಕೊಳವೆ ಕಳಚುವ, ಸಿಕ್ಕಿಸುವ ಸದ್ದು. ಮತ್ತೆ ಗುಂಯ್. ಅತ್ತೆಯ ಸಿಳ್ಳೆ ನನಗೆ ಸಾವಿರ ಸಿಳ್ಳೆಗಳ ನಡುವೆ ಗೊತ್ತಾಗುತ್ತದೆ. ಅದು ಮೊದಲು ಬಂತು. ಅದರ ಪಕ್ಕದಲ್ಲಿ, ತಗ್ಗಿನಲ್ಲಿ, ತೆಳ್ಳಗಿನ ಇನ್ನೊಂದು, ಸದ್ದು ಮಾಡದಿರಲು ಕಷ್ಟಪಡುತ್ತ, ಸುಮ್ಮನೆ ಕಾಯುತ್ತಿತ್ತು. ಬೆಲ್ಲದ ಬಣ್ಣದ ಬಿಸಿಲು ಗೋಡೆಯ ಮೇಲೆ ನನ್ನ ಕೈಯವರೆಗೆ ಬಂತು. ಅತ್ತೆಯ ಉಸಿರು ಸಡಿಲವಾಯಿತು, ಇನ್ನೂ ಸಡಿಲವಾಯಿತು. ಆಮೇಲೆ ಗೋಡೆಯ ಆಚೆಯಿಂದ ಅವರ ದನಿ, ಅಡುಗೆಮನೆಯಲ್ಲಿ ಕೇಳಿಸುವಂಥದೇ ದನಿ, ಸ್ಪಷ್ಟವಾಗಿ ಕೇಳಿಸಿತು.

"ನಂಗೆ ಸಾಕು. ಇನ್ನರ್ಧ ನಿಂದು, ಬಾ."